ಆಡಕಿಯ ಹೊಲದಲ್ಲಿ ಬಿಳಿಕಸ

ಗಣೇಶನ ಹಬ್ಬದ ರಜೆಗೆ ಮೊಮ್ಮಗಳು ಬೆಂಗಳೂರಿನಿಂದ ಶಹಾಬಾದಿಗೆ ಬಂದಿದ್ದಳು. ಏಳನೇ ತರಗತಿ. ಕಡುಬು ತಿಂದು ಮುಗಿದ ಮೇಲೆ ವಿಜ್ಞಾನದ ಪುಸ್ತಕ ತೆರೆದು ನನ್ನ ಪಕ್ಕ ಕುಳಿತಳು. ಅದರಲ್ಲಿ ಅಮರಬಳ್ಳಿಯ ಚಿತ್ರವಿತ್ತು. ಬೇರಿಲ್ಲದ, ಎಲೆಯಿಲ್ಲದ, ಹಳದಿ ದಾರದಂಥ ಬಳ್ಳಿ. ಬೇಲಿಯ ಗಿಡಕ್ಕೆ ಸುತ್ತಿಕೊಂಡು ಅದರ ರಸ ಹೀರಿ ಬದುಕುವಂಥದು.

“ಮುತ್ಯಾ, ಇದರ ಬೀಜಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಪಕ್ಕದಲ್ಲಿ ಗಿಡ ಇದೆ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?”

ನಾನು ಓದಿದ್ದು ಬಿ.ಕಾಂ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಚಕ್ರಬಡ್ಡಿ ಕೇಳಿದ್ದರೆ ಬಾಯಿಲೆಕ್ಕದಲ್ಲೇ ಹೇಳುತ್ತಿದ್ದೆ. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಪ್ರಶ್ನೆ ಕೇಳಿದ ಕೂಡಲೇ ಒಂದು ಹೊಲ ಕಣ್ಣ ಮುಂದೆ ಬಂತು. ಆಡಕಿಯ ಹತ್ತಿರದ ಒಂದು ಜೋಳದ ಹೊಲ, 1987ನೇ ಇಸವಿ. ಆ ಹೊಲವನ್ನು ನೆನೆಯಬಾರದೆಂದೇ ಇಷ್ಟು ವರ್ಷ ಕಳೆದಿದ್ದೆ.

ನಮ್ಮ ಓಣಿಯಲ್ಲಿ ಕೃಷಿ ಕಾಲೇಜಿನಲ್ಲಿ ಓದುವ ಹುಡುಗನೊಬ್ಬನಿದ್ದಾನೆ. ಅವನನ್ನು ಹಿಡಿದು ಎರಡು ದಿನ ಪಾಠ ಹೇಳಿಸಿಕೊಂಡೆ. ಅವನು ಕೊಟ್ಟ ಹಾಳೆಗಳನ್ನು ಓದಿದೆ. ಮೂರನೆಯ ದಿನ ಬೆಳಿಗ್ಗೆ ಮೊಮ್ಮಗಳಿಗೆ ಹೇಳಿದೆ: “ಚಪ್ಪಲಿ ಹಾಕ್ಕೋ. ನಿನ್ನ ಪ್ರಶ್ನೆಯ ಉತ್ತರ ಆಡಕಿಯಲ್ಲಿದೆ.”

ಶಹಾಬಾದಿನಿಂದ ವಾಡಿ ಜಂಕ್ಷನ್, ಅಲ್ಲಿ ಗಾಡಿ ಬದಲಿಸಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ. ಈ ದಾರಿಯಲ್ಲಿ ಕಿಟಕಿ ಪಕ್ಕ ಕುಳಿತವರಿಗೆ ಮೊದಲು ಕಾಣುವುದು ಕಲ್ಲು. ನಮ್ಮ ಕಡೆ ಮನೆಯ ನೆಲಕ್ಕೂ ಕಲ್ಲು, ಗೋಡೆಗೂ ಕಲ್ಲು, ಹೊಲದ ಬೇಲಿಗೂ ನಿಲ್ಲಿಸಿದ ಕಲ್ಲಿನ ಚಪ್ಪಡಿ. ಅದೇ ಸುಣ್ಣದ ಕಲ್ಲಿನ ಹೊಟ್ಟೆಯಿಂದ ಎದ್ದು ನಿಂತ ಸಿಮೆಂಟ್ ಕಾರ್ಖಾನೆಗಳ ಚಿಮಣಿಗಳು ಒಂದಾದ ಮೇಲೆ ಒಂದು. ಮಳಖೇಡ ಬಂದಾಗ, ಇದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಕನ್ನಡದಲ್ಲಿ ಈಗ ಸಿಕ್ಕಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’ ನೃಪತುಂಗನ ಕಾಲದಲ್ಲಿ ಹುಟ್ಟಿದ್ದು ಇಲ್ಲೇ ಎಂದೆ. ಅವಳು “ಗೊತ್ತು, ಪರೀಕ್ಷೆಗೆ ಬಂದಿತ್ತು” ಎಂದಳು. ಕಾಗಿಣಾ ನದಿ ತುಂಬಿ ಹರಿಯುತ್ತಿದೆಯಾ ಎಂಬುದರಲ್ಲಿ ಅವಳಿಗೆ ಹೆಚ್ಚು ಆಸಕ್ತಿ.

ಅಮರಬಳ್ಳಿಯ ಉತ್ತರವನ್ನು ರೈಲಿನಲ್ಲೇ ಹೇಳಿಬಿಟ್ಟೆ. ಆ ಬೀಜ ಯಾರ ಕರೆಗೂ ಕಾಯುವುದಿಲ್ಲ. ಮಳೆ ಬಿದ್ದರೆ ಮೊಳೆಯುತ್ತದೆ. ಆಮೇಲೆ ಆ ದಾರದಂಥ ಮೊಳಕೆ ಗಾಳಿಯಲ್ಲಿ ಗಿರಗಿರ ತಿರುಗುತ್ತ ಆಸರೆ ಹುಡುಕುತ್ತದೆ. ಬೀಜದೊಳಗಿನ ಬುತ್ತಿ ಮುಗಿಯುವುದರೊಳಗೆ, ಅಂದರೆ ಕೆಲವೇ ದಿನಗಳಲ್ಲಿ, ಗಿಡ ಸಿಗದಿದ್ದರೆ ಸಾವು. 2006ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ವಿಜ್ಞಾನಿಗಳು ಒಂದು ಪರೀಕ್ಷೆ ಮಾಡಿ ತೋರಿಸಿದರು. ಹತ್ತಿರ ಟೊಮೇಟೊ ಗಿಡ ಇಟ್ಟರೆ ಮೊಳಕೆ ಅದರ ಕಡೆಗೇ ಬಾಗಿತು. ಗಿಡ ತೆಗೆದು ಬರೀ ಅದರ ವಾಸನೆಯನ್ನು ಇಟ್ಟಾಗಲೂ ಆ ಕಡೆಗೇ ಬಾಗಿತು. ಗೋಧಿ ಗಿಡದ ವಾಸನೆಯಲ್ಲಿ ಅದಕ್ಕೆ ಸೇರದ ಒಂದು ಅಂಶವೂ ಇತ್ತು.

“ಅಂದ್ರೆ ಮೂಗಿಲ್ಲದೆ ಮೂಸುತ್ತೆ!”

“ಹೌದು. ಆದರೆ ನಾವು ನೋಡೋಕೆ ಹೋಗ್ತಿರೋದು ಇದಕ್ಕಿಂತ ಜಾಣ.”

ಸೇಡಂನಲ್ಲಿ ಇಳಿದು ಬಸ್ಸು ಹಿಡಿದು ಆಡಕಿ ತಲುಪಿದಾಗ ಬಿಸಿಲು ಏರಿತ್ತು. ಸೇಡಂ ತಾಲ್ಲೂಕಿನ ಹೋಬಳಿ ಊರು ಇದು. ತೆಲಂಗಾಣದ ಗಡಿ ದೂರವಿಲ್ಲ, ಹಾಗಾಗಿ ಬಸ್ಸಿನಲ್ಲಿ ಕನ್ನಡ, ತೆಲುಗು, ದಖ್ಖನಿ ಮೂರೂ ಒಂದೇ ಮಾತಿನಲ್ಲಿ ಕಲಸಿಕೊಂಡು ಬರುತ್ತವೆ. ಊರಾಚೆ ಎತ್ತ ನೋಡಿದರೂ ತೊಗರಿ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ನಿಮಗೂ ನೆನಪಿರಬಹುದು. ಹೆಸರು ಕಾಯಿ ಬಿಡಿಸಿ ಆಗಿತ್ತು. ಮುಂಗಾರು ಜೋಳ ಮಾತ್ರ ಹುಡುಕಿದರೂ ಅಪರೂಪ. ನನ್ನ ನೌಕರಿಯ ಕಾಲದಲ್ಲಿ ಹೀಗಿರಲಿಲ್ಲ.

ನಾನು ಹುಡುಕಿದ ಮನೆ ಸಿಕ್ಕಿತು. ನನಗೆ ಬೇಕಾಗಿದ್ದ ರೈತರು ತೀರಿಕೊಂಡು ಹತ್ತು ವರ್ಷವಾಗಿತ್ತು. ಅವರ ಮಗ ಇದ್ದರು, ಐವತ್ತರ ಆಸುಪಾಸು. ಬ್ಯಾಂಕಿನ ಹಳೆಯ ಮನುಷ್ಯ, ಮೊಮ್ಮಗಳಿಗೆ ಬಿಳಿಕಸ ತೋರಿಸಬೇಕಿತ್ತು ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ ನಕ್ಕರು.

“ಬಿಳಿಕಸ ನೋಡ್ಲಾಕ ಬಂದೀರೇನ್ರಿ? ಮಂದಿ ಅದು ಹೋಗ್ಲಿ ಅಂತ ಹರಕೆ ಹೊರ್ತಾರ. ಬರ್ರಿ, ಮರಡಿ ಹೊಲದಾಗ ಮನಿ ಪೂರ್ತೆಕ ಅರ್ಧ ಎಕರೆ ಜ್ವಾಳ ಅದ. ಅಲ್ಲಿ ನಿಮಗ ಸಾಕು ಸಾಕು ಅನ್ನೋವಷ್ಟು ಅದ.”

ಮರಡಿ ಹೊಲವೆಂದರೆ ಎರೆಮಣ್ಣಲ್ಲ. ಗರಸು ಕಲ್ಲಿನ ತೆಳುವಾದ ಏರು ಭೂಮಿ. ಅಲ್ಲಿ ಜೋಳ ಒಂದು ಕಡೆ ಎದೆಯುದ್ದ ಇದ್ದರೆ ಇನ್ನೊಂದು ಕಡೆ ಮೊಣಕಾಲುದ್ದವೂ ಇರಲಿಲ್ಲ. ಎರಡು ದಿನದ ಹಿಂದೆ ಮಳೆಯಾಗಿ ನೆಲ ಒದ್ದೆಯಿದ್ದರೂ ಆ ಕುಳ್ಳ ಜೋಳದ ಎಲೆಗಳು ಬರಗಾಲದಲ್ಲಿ ನಿಂತಂತೆ ಸುರುಳಿಕೊಂಡಿದ್ದವು. ಅವುಗಳ ಬುಡದಲ್ಲಿ ಗೇಣುದ್ದದ ಹಸಿರು ಗಿಡಗಳು, ತುದಿಯಲ್ಲಿ ಪುಟ್ಟ ಬಿಳಿ ಹೂ. ನೋಡಲು ಚೆಂದ. ಮೊಮ್ಮಗಳು “ಇದಾ? ಇಷ್ಟೇನಾ?” ಎಂದು ಬಾಗಿದಳು.

ಇಷ್ಟೇ. ವಿಜ್ಞಾನಿಗಳು ಇದನ್ನು ಸ್ಟ್ರೈಗಾ ಎನ್ನುತ್ತಾರೆ. ಹಿಂದಿಯವರು ಅಗಿಯಾ, ಬೆಂಕಿ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಮಾಟಗಾತಿ ಕಳೆ ಎಂಬರ್ಥದ ಹೆಸರು. ಬೆಳೆಗೆ ಯಾರೋ ಮಾಟ ಮಾಡಿದಂತೆ ಕಾಣುತ್ತದೆ, ಮಾಡಿದವರು ಕಾಣುವುದಿಲ್ಲ. ಯಾಕೆಂದರೆ ನಾಲ್ಕಾರು ವಾರ ಇದರ ಕೆಲಸವೆಲ್ಲ ನೆಲದೊಳಗೇ.

ಮಕ್ಕಳೇ, ಈ ಬೀಜದ ಕಥೆಯನ್ನು ಸ್ವಲ್ಪ ನಿಧಾನವಾಗಿ ಕೇಳಿ. ಒಂದು ಬೀಜ ಮಿಲಿಮೀಟರಿನ ಕಾಲು ಭಾಗದಷ್ಟು. ಅಂಗೈಯಲ್ಲಿ ಹಿಡಿದರೆ ಬೀಜವೆನ್ನಿಸುವುದಿಲ್ಲ, ನಶ್ಯದ ಪುಡಿ ಎನ್ನಿಸುತ್ತದೆ. ಒಂದೇ ಗಿಡ ಐವತ್ತು ಸಾವಿರ, ಕೆಲವೊಮ್ಮೆ ಇನ್ನೂ ಎಷ್ಟೋ ಹೆಚ್ಚು ಬೀಜ ಉದುರಿಸುತ್ತದೆ. ಅವು ಮಣ್ಣಿನಲ್ಲಿ ಹತ್ತು ವರ್ಷ, ಹದಿನೈದು ವರ್ಷ ಸಾಯದೆ ಮಲಗಿರಬಲ್ಲವು. ನಮ್ಮ ಬ್ಯಾಂಕಿನ ಭಾಷೆಯಲ್ಲಿ ದೀರ್ಘಾವಧಿ ಠೇವಣಿ, ಅವಧಿಗೆ ಮೊದಲು ಯಾರೂ ಮುರಿಸಲಾರರು.

ಆದರೆ ಇಷ್ಟು ಚಿಕ್ಕ ಬೀಜದಲ್ಲಿ ಬುತ್ತಿ ಎಷ್ಟಿದ್ದೀತು? ಮೊಳೆತರೆ ಕೆಲವು ಮಿಲಿಮೀಟರ್ ಬೇರು ಚಾಚುವಷ್ಟು. ಅಷ್ಟರಲ್ಲಿ ಇನ್ನೊಂದು ಗಿಡದ ಬೇರು ಸಿಗದಿದ್ದರೆ ಕೆಲವೇ ದಿನಗಳಲ್ಲಿ ಮುಗಿಯಿತು. ಹಾಗಾಗಿ ಇದು ಅಮರಬಳ್ಳಿಯಂತೆ ಮಳೆ ಬಿತ್ತೆಂದು ಎದ್ದುಬಿಡುವುದಿಲ್ಲ. ಮೊದಲು ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಒಂದೆರಡು ವಾರ ನೆನೆಯುತ್ತದೆ. ನೆನೆದ ಮೇಲೂ ಏಳುವುದಿಲ್ಲ. ಜೋಳದ ಬೇರು ಪಕ್ಕಕ್ಕೇ ಬಂದು ಒಂದು ರಾಸಾಯನಿಕವನ್ನು ಒಸರಿದಾಗ ಮಾತ್ರ ಏಳುತ್ತದೆ. ಆ ರಾಸಾಯನಿಕ ಎಷ್ಟು ಬೇಕು ಎಂದರೆ, ಒಂದು ಗ್ರಾಮನ್ನು ಹತ್ತು ಕೋಟಿ ಪಾಲು ಮಾಡಿ ಅದರಲ್ಲಿ ಒಂದು ಪಾಲನ್ನು ಒಂದು ಲೀಟರ್ ನೀರಿಗೆ ಹಾಕಿದರೆ ಸಾಕು. ಮೊಮ್ಮಗಳು ಸೊನ್ನೆಗಳನ್ನು ಬೆರಳಿನಲ್ಲಿ ಎಣಿಸಿ ಬೆರಗಾದಳು.

ಬೇರನ್ನು ಮುಟ್ಟಿದಾಗ ಇನ್ನೊಂದು ಗುರುತು ಸಿಗುತ್ತದೆ. ಆ ಬೇರಿನ ಗೋಡೆಯಿಂದಲೇ ಹೊರಬೀಳುವ ಬೇರೊಂದು ವಸ್ತು. ಕೂಡಲೇ ಮೊಳಕೆ ಉದ್ದ ಬೆಳೆಯುವುದನ್ನು ನಿಲ್ಲಿಸಿ ತುದಿಯಲ್ಲಿ ಗುಬುಟಾಗುತ್ತದೆ. ಅಂಟು ರೋಮಗಳಿಂದ ಹಿಡಿದುಕೊಂಡು ಒಳಗೆ ನುಗ್ಗಿ, ಜೋಳದ ನೀರಿನ ಕೊಳವೆಗೇ ತನ್ನ ಕೊಳವೆ ಜೋಡಿಸಿಬಿಡುತ್ತದೆ.

ಆ ಎಬ್ಬಿಸುವ ವಸ್ತು ಮೊದಲು ಸಿಕ್ಕಿದ್ದು 1966ರಲ್ಲಿ, ಅಮೆರಿಕದಲ್ಲಿ. ಅಲ್ಲಿನ ಎರಡೂ ಕೆರೊಲಿನಾ ರಾಜ್ಯಗಳ ಮೆಕ್ಕೆಜೋಳದ ಹೊಲಗಳಲ್ಲಿ 1956ರಲ್ಲಿ ಈ ಕಳೆ ಕಾಣಿಸಿಕೊಂಡಿತ್ತು. ಬೆಳೆ ಏಕೆ ಬಾಡುತ್ತಿದೆ ಎಂದು ಯಾರಿಗೂ ತಿಳಿಯದಿದ್ದಾಗ, ಓದಲು ಹೋಗಿದ್ದ ಭಾರತದ ವಿದ್ಯಾರ್ಥಿಯೊಬ್ಬ “ಇದು ನಮ್ಮ ಕಡೆಯ ಜೋಳದ ಕಳೆಯಂತಿದೆ” ಎಂದು ಗುರುತು ಹಿಡಿದನಂತೆ. ಹತ್ತು ವರ್ಷದ ಮೇಲೆ ವಿಜ್ಞಾನಿಗಳು ಆ ರಾಸಾಯನಿಕವನ್ನು ಬೇರ್ಪಡಿಸಿ ಸ್ಟ್ರೈಗಾಲ್ ಎಂದು ಹೆಸರಿಟ್ಟರು. ತಮಾಷೆಯೆಂದರೆ ಅದು ಸಿಕ್ಕಿದ್ದು ಹತ್ತಿಯ ಬೇರಿನಲ್ಲಿ! ಈ ಕಳೆ ಹತ್ತಿಯ ಮೇಲೆ ಬದುಕಲಾರದು. ಹತ್ತಿ ಕರೆಯುತ್ತದೆ, ಬೀಜ ಏಳುತ್ತದೆ, ಊಟ ಸಿಗದೆ ಸಾಯುತ್ತದೆ.

ಇದನ್ನು ಹೇಳುತ್ತಿದ್ದಾಗ ಹೊಲದ ಯಜಮಾನರು ತಲೆಯಾಡಿಸಿದರು. “ನಮ್ಮ ಮುತ್ಯಾ ಹೇಳ್ತಿದ್ದ, ಹತ್ತಿ ಹಾಕಿದ ಹೊಲದಾಗ ಮುಂದಿನ ಸಲ ಕಸ ಕಮ್ಮಿ ಅಂತ. ಶೇಂಗಾ ಹಾಕಿದ್ರೂ ಕಮ್ಮಿ.”

ವಿಜ್ಞಾನದ ಹೆಸರು ಬರುವ ಮೊದಲೇ ಬೆಳೆ ಬದಲಿಸುವ ಲೆಕ್ಕ ಅವರ ಮನೆಯಲ್ಲಿತ್ತು. ಅಮೆರಿಕದವರು ಇದೇ ಉಪಾಯವನ್ನು ದೊಡ್ಡದಾಗಿ ಮಾಡಿದರು. ಬಾಳೆಹಣ್ಣು ಮಾಗಿಸುವ ಎಥಿಲೀನ್ ಅನಿಲ ಈ ಬೀಜವನ್ನೂ ಎಬ್ಬಿಸುತ್ತದೆ. ಬೆಳೆಯಿಲ್ಲದ ಹೊಲದ ಮಣ್ಣಿಗೆ ಅದನ್ನು ಚುಚ್ಚಿ ಬೀಜಗಳನ್ನು ಸುಳ್ಳೇ ಎಬ್ಬಿಸಿ ಕೊಂದರು. ಇದರ ಜೊತೆಗೆ ದಶಕಗಳ ಕಾಲ ಕಾವಲು ಕಾದು, ನಾಲ್ಕು ಲಕ್ಷ ಎಕರೆಗೂ ಹೆಚ್ಚು ಹರಡಿದ್ದನ್ನು ಕೆಲವೇ ಸಾವಿರ ಎಕರೆಗೆ ಇಳಿಸಿದರು. ನಮ್ಮ ಮರಡಿ ಹೊಲಕ್ಕೆ ಅನಿಲ ಚುಚ್ಚುವ ಯಂತ್ರ ಯಾರು ತರಬೇಕು?

ಆಗ ಮೊಮ್ಮಗಳು ಕೇಳಿದ ಪ್ರಶ್ನೆ, ನಾನು ಕೃಷಿ ಕಾಲೇಜಿನ ಹುಡುಗನಿಗೆ ಕೇಳಿದ್ದೇ. “ಮುತ್ಯಾ, ಜೋಳಕ್ಕೇನು ಹುಚ್ಚಾ? ಕಳ್ಳನನ್ನು ತಾನೇ ಯಾಕೆ ಕರೆಯುತ್ತೆ?”

ಈ ಪ್ರಶ್ನೆಗೆ ವಿಜ್ಞಾನಿಗಳಿಗೂ ನಲವತ್ತು ವರ್ಷ ಹಿಡಿಯಿತು. ಉತ್ತರ 2005ರಲ್ಲಿ ಜಪಾನಿನಿಂದ ಬಂತು. ಜೋಳ ಕರೆಯುವುದು ಕಳ್ಳನನ್ನಲ್ಲ, ಗೆಳೆಯನನ್ನು. ಮಣ್ಣಿನಲ್ಲಿ ದಾರದಂಥ ಒಂದು ಬಗೆಯ ಶಿಲೀಂಧ್ರವಿದೆ. ಅದು ಬೇರಿಗೆ ಸೇರಿಕೊಂಡು, ಬೇರು ಮುಟ್ಟಲಾರದ ದೂರದಿಂದ ರಂಜಕವನ್ನು ತಂದುಕೊಡುತ್ತದೆ. ಬದಲಿಗೆ ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಸುಮಾರು 40 ಕೋಟಿ ವರ್ಷಗಳಿಂದ ನಡೆದುಬಂದ ಕೊಡುಕೊಳ್ಳುವ ವ್ಯವಹಾರ, ಒಂದು ಕಾಗದವೂ ಇಲ್ಲದೆ. ಮಣ್ಣಿನಲ್ಲಿ ರಂಜಕ ಕಡಿಮೆಯಾದಾಗ ಗಿಡ ಈ ರಾಸಾಯನಿಕವನ್ನು ಹೆಚ್ಚು ಹೆಚ್ಚು ಒಸರಿ ಆ ಶಿಲೀಂಧ್ರವನ್ನು ಕೂಗುತ್ತದೆ. ಆ ಕೂಗನ್ನು ಬಿಳಿಕಸದ ಬೀಜ ಕದ್ದು ಕೇಳುತ್ತದೆ.

“ಜಾತ್ರೆಯಲ್ಲಿ ತಪ್ಪಿಸಿಕೊಂಡ ಹುಡುಗಿ ಅಮ್ಮನ್ನ ಕೂಗಿದ್ರೆ ಕಳ್ಳ ಬಂದ ಹಾಗೆ” ಎಂದಳು.

ಇದನ್ನು ಕಾಲೇಜಿನ ಹುಡುಗನ ಬಾಯಲ್ಲಿ ಮೊದಲು ಕೇಳಿದಾಗಲೇ ನನ್ನ ಎದೆ ಒಮ್ಮೆ ನಿಂತಂತಾಗಿತ್ತು. ಹಸಿದ ಹೊಲದ ಜೋಳವೇ ಜೋರಾಗಿ ಕೂಗುತ್ತದೆ. ಹಾಗಾಗಿ ಗೊಬ್ಬರ ಹಾಕಲು ಆಗದವನ ಹೊಲದಲ್ಲೇ ಬೀಜಗಳು ಹೆಚ್ಚು ಏಳುತ್ತವೆ. ಕಳೆ ಮೇಲೆ ಕಾಣುವ ಹೊತ್ತಿಗೆ ಬೆಳೆ ಅರ್ಧ ಹೋಗಿರುತ್ತದೆ. ಆಮೇಲೆ ಕಿತ್ತರೆ ಮುಂದಿನ ವರ್ಷಕ್ಕೆ ಬೀಜ ಉದುರುವುದಿಲ್ಲ, ನಿಜ. ಈ ವರ್ಷದ ಜೋಳಕ್ಕೆ ಹೆಚ್ಚೇನೂ ಉಪಕಾರವಿಲ್ಲ.

1987ರಲ್ಲಿ ನಾನು ಈ ಹೊಲಕ್ಕೆ ಬಂದಿದ್ದೆ. ಬೆಳೆಸಾಲದ ಕಂತು ಮುಂದೂಡಬೇಕೆಂದು ಈಗಿನ ಯಜಮಾನರ ತಂದೆ ಅರ್ಜಿ ಹಾಕಿದ್ದರು. ಬೆಳೆ ಪರಿಶೀಲಿಸಬೇಕಾದ ಅಧಿಕಾರಿ ರಜೆಯಲ್ಲಿದ್ದರು, ನನ್ನನ್ನು ಕಳಿಸಿದರು. ನಾನು ಹೊಲದ ಬದುವಿನ ಮೇಲೆ ಹತ್ತು ನಿಮಿಷ ನಿಂತೆ. ಜೋಳ ಕುಳ್ಳಗಿತ್ತು, ಬುಡದಲ್ಲಿ ಕಳೆ ಎದ್ದಿತ್ತು. “ಸಾಹೇಬ್ರ, ಎರಡು ಸಲ ಕಸ ತೆಗೆಸೀನ್ರಿ, ಇದು ಒಳಗಿಂದ ತಿಂತದ್ರಿ” ಎಂದು ಅವರು ಹೇಳಿದ್ದು ನೆನಪಿದೆ. ಒಳಗಿಂದ ತಿನ್ನುವ ಕಳೆ! ನೆಪ ಎಂದುಕೊಂಡೆ. ವಾಪಸು ಬಂದು ನೀಟಾದ ಅಕ್ಷರದಲ್ಲಿ ಬರೆದೆ: ‘ಸಕಾಲದಲ್ಲಿ ಕಳೆ ತೆಗೆದಿಲ್ಲ. ರೈತನ ಅಲಕ್ಷ್ಯ.’ ನನ್ನ ಅಕ್ಷರ ಚೆನ್ನಾಗಿದೆ ಎಂದು ಆ ಶಾಖೆಯಲ್ಲಿ ಹೆಸರಿತ್ತು. ಅರ್ಜಿ ತಿರಸ್ಕೃತವಾಯಿತು. ಎತ್ತು ಮಾರಿ ಕಂತು ಕಟ್ಟಿದರು. ಆ ಹಣವನ್ನು ಕೌಂಟರಿನಲ್ಲಿ ಎಣಿಸಿ ರಸೀದಿ ಕೊಟ್ಟವನೂ ನಾನೇ.

ಇಷ್ಟನ್ನೂ ಅವರ ಮಗನಿಗೆ ಹೇಳಿದೆ. ಮೊಮ್ಮಗಳು ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು. ಅವಳನ್ನು ದೂರ ಕಳಿಸಬೇಕೆಂದು ಒಮ್ಮೆ ಅನ್ನಿಸಿತು, ಕಳಿಸಲಿಲ್ಲ.

ಅವರು ಒಂದು ಬಿಳಿಕಸವನ್ನು ಕಿತ್ತು ಕೈಯಲ್ಲಿ ತಿರುಗಿಸುತ್ತ ನಿಂತರು. “ಎತ್ತು ಮಾರಿದ್ದು ಹೌದ್ರಿ. ನಾ ಆಗ ಹನ್ನೆರಡು ವರ್ಷದಾವ. ಅಪ್ಪ ಎರಡು ದಿನ ಕೊಟ್ಟಿಗಿ ಕಡಿ ಹೋಗಿದ್ದಿಲ್ಲ.” ಇನ್ನೂ ಏನೋ ಹೇಳುತ್ತಾರೆಂದು ಕಾದೆ. ಅವರು ಹೇಳಿದ್ದು ಇಷ್ಟೇ: “ನಡೀರಿ, ರೊಟ್ಟಿ ಆಗ್ಯಾವ. ಕೂಸಿಗಿ ಹಸಿವಿ ಆಗಿರ್ತದ.”

ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ಪುಂಡಿಪಲ್ಯದ ಹುಳಿಗೆ ಮೊಮ್ಮಗಳು ಕಣ್ಣು ಚಿಕ್ಕದು ಮಾಡಿದರೂ ಎರಡನೇ ರೊಟ್ಟಿ ಕೇಳಿದಳು. ಊಟದ ನಡುವೆ ಅವಳಿಗೆಂದು ನಾನು ಇನ್ನೊಬ್ಬರ ಕಥೆ ಹೇಳಿದೆ. ಹೊಲದ ಯಜಮಾನರೂ ಕೈ ನಿಲ್ಲಿಸಿ ಕೇಳಿದರು.

ಇಥಿಯೋಪಿಯಾ ದೇಶದಲ್ಲಿ ಹುಲ್ಲಿನ ಗುಡಿಸಲಿನಲ್ಲಿ ಹುಟ್ಟಿದ ಹುಡುಗ, ಗೆಬಿಸಾ ಎಜೆಟಾ. ಭಾನುವಾರ ಸಂಜೆ 20 ಕಿಲೋಮೀಟರ್ ನಡೆದು ಶಾಲೆಯ ಊರಿಗೆ ಹೋಗಿ, ವಾರವಿಡೀ ಅಲ್ಲಿದ್ದು, ಶುಕ್ರವಾರ ಮತ್ತೆ ನಡೆದು ಮನೆಗೆ ಬರುತ್ತಿದ್ದ. ದೊಡ್ಡವನಾಗಿ ಜೋಳದ ವಿಜ್ಞಾನಿಯಾದರು. ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಗೊತ್ತಲ್ಲ, ಆ ಸಂಸ್ಥೆಯ ಪರವಾಗಿ ಸುಡಾನಿನಲ್ಲಿ ಕೆಲಸ ಮಾಡಿದರು. ಆಮೇಲೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಬಿಳಿಕಸ ತಡೆಯುವ ಜೋಳದ ತಳಿಗಳನ್ನು ಬೆಳೆಸಿದರು. 2009ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು. ಅಂಥ ಕೆಲವು ಜೋಳಗಳ ಗುಟ್ಟು 2017ರಲ್ಲಿ ಬಯಲಾಯಿತು. ಅವುಗಳಲ್ಲಿ ಒಂದು ಜೀನ್ ಕೆಲಸ ಮಾಡುವುದಿಲ್ಲ. ಹಾಗಾಗಿ ಬೇರು ಒಸರುವ ರಾಸಾಯನಿಕದ ಬಗೆಯೇ ಬದಲಾಗಿದೆ. ಕೂಗುವುದನ್ನು ಅವು ನಿಲ್ಲಿಸಿಲ್ಲ, ದನಿ ಬದಲಿಸಿವೆ. ಕಳ್ಳನಿಗೆ ಆ ದನಿಯ ಗುರುತು ಸರಿಯಾಗಿ ಹತ್ತುವುದಿಲ್ಲ.

ನಮ್ಮ ದೇಶದ್ದೇ ಎನ್-13 ಎಂಬ ಜೋಳ ಇನ್ನೊಂದು ಬಗೆ. ಅದು ಎಂದಿನಂತೆ ಕೂಗುತ್ತದೆ, ಬೀಜಗಳೂ ಏಳುತ್ತವೆ. ಬಂದವರಿಗೆ ಬಾಗಿಲು ತೆಗೆಯುವುದಿಲ್ಲ. ಬೇರಿನ ಒಳಗೋಡೆ ಅಷ್ಟು ಗಟ್ಟಿ. ನನಗೇನೋ ಇದೇ ಹೆಚ್ಚು ಇಷ್ಟವಾಯಿತು.

“ಬೀಜ ಎಲ್ಲಿ ಸಿಗ್ತದ್ರಿ?” ಎಂದು ಯಜಮಾನರು ಕೇಳಿದರು. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳೋಣ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದೆ. ಅಲ್ಲಿಯತನಕ ಆ ಅರ್ಧ ಎಕರೆಗೆ ತಿಪ್ಪೆಗೊಬ್ಬರ ಹೆಚ್ಚು ಹಾಕುವುದು, ಮುಂದಿನ ಮುಂಗಾರಿಗೆ ಹತ್ತಿ ಇಲ್ಲವೇ ಶೇಂಗಾ ಎಂದು ಮಾತಾಯಿತು. ಕಸ ಬೀಜ ಕಟ್ಟುವ ಮೊದಲು ಕಿತ್ತು ಸುಡಲು ನಾಳೆಯೇ ಇಬ್ಬರು ಆಳು ಹಚ್ಚುತ್ತೇನೆ ಎಂದರು ಅವರು. ಬರೆದುಕೊಳ್ಳಲು ನನ್ನ ಜೇಬಿನಲ್ಲಿ ಪೆನ್ನಿತ್ತು. ಅದನ್ನು ತೆಗೆಯಲಿಲ್ಲ. ಬೇಕಿದ್ದದ್ದು ನೆನಪಿನಲ್ಲಿ ಉಳಿಯುತ್ತದೆ.

ಹೊರಡುವ ಮುನ್ನ ಮೊಮ್ಮಗಳು ಶಾಲೆಯಲ್ಲಿ ತೋರಿಸಲು ಒಂದು ಬಿಳಿಕಸ ಬೇಕೆಂದು ಮತ್ತೆ ಹೊಲಕ್ಕೆ ಓಡಿದಳು. ನಾನೂ ಹಿಂದೆ ಹೋದೆ. ಬೇಡ, ಫೋಟೊ ತೆಗೆದುಕೋ, ಕೆಲವು ಗಿಡದಲ್ಲಿ ಆಗಲೇ ಬೀಜ ಕಟ್ಟಿರಬಹುದು, ಒಂದು ಬುರುಡೆ ಒಡೆದರೆ ನೂರಾರು ಬೀಜ ನಿನ್ನ ಚೀಲ ಸೇರುತ್ತವೆ ಎಂದೆ. ಈ ಕಳೆ ಊರಿಂದೂರಿಗೆ ಹೋಗುವುದು ಹೀಗೇ. ಕುಂಟೆಯ ಮಣ್ಣಿನಲ್ಲಿ, ಎತ್ತಿನ ಗೊರಸಿನಲ್ಲಿ, ಮೆಟ್ಟಿನ ಅಡಿಯಲ್ಲಿ. ಅವಳು ಫೋಟೊ ತೆಗೆದು ಫೋನನ್ನು ನನ್ನ ಕೈಗೆ ಕೊಟ್ಟಳು. ಆಮೇಲೆ ಬದುವಿನ ಕಲ್ಲಿನ ಮೇಲೆ ಕುಳಿತು ತನ್ನ ಎರಡೂ ಚಪ್ಪಲಿ ಬಿಚ್ಚಿ, ಅಂಟಿದ ಮಣ್ಣನ್ನು ಕಡ್ಡಿಯಿಂದ ಕೆರೆದು ಅದೇ ಹೊಲಕ್ಕೆ ಉದುರಿಸಿದಳು. ನನ್ನದೊಂದು ಚಪ್ಪಲಿಯನ್ನೂ ತೆಗೆದುಕೊಂಡು ಕೆರೆದಳು.

“ಮುತ್ಯಾ, ಇನ್ನೊಂದು ಕಾಲು ಕೊಡು.”